ಕುಮಾರಿ ಅನ್ನಾ ಮಣಿಯವರು

ಅನ್ನಾ ಮಣಿಯವರು 1918ರಲ್ಲಿ ತಿರುವಾಂಕೂರು ಸೀಮೆಯ ಪೀರ್ಮೇಡಿನಲ್ಲಿ, ಸಿರಿಯನ್ ಕ್ರೈಸ್ತ ಮನೆತನವೊಂದರಲ್ಲಿ ಜನಿಸಿದರು. ಎಂಟನೆಯ ಹುಟ್ಟುಹಬ್ಬದಂದು ಹಿರಿಯರು ವಾಡಿಕೆಯಂತೆ ವಜ್ರದ ಓಲೆಗಳನ್ನು ಕೊಡಬರಲು, ಬಾಲಿಕೆಯು ಅವನ್ನೊಲ್ಲದೆ ವಿಶ್ವಕೋಶವನ್ನು ಬೇಡಿದಳು. ದೈವಸಂಕಲ್ಪವು ವಿಚಿತ್ರವಾದುದು! 1940ರಲ್ಲಿ ಅವರು, ನಮ್ಮ ಚಂದಾಪುರಕ್ಕೆ ಬಹುದೂರವಲ್ಲದ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ಸರ್ ಸಿ. ವಿ. ರಾಮನ್ನರ ಶಿಷ್ಯೆಯಾಗಿ ವಜ್ರಗಳನ್ನೇ ಪರೀಕ್ಷಿಸತೊಡಗಿದರು. ಬೆಳಕನ್ನು ಹೀರಿ ತಾವೇ ಮಿನುಗುವ 30ಕ್ಕೂ ಮಿಕ್ಕ ವಜ್ರಗಳ ಕಾಂತಿಯನ್ನು, ಒಮ್ಮೊಮ್ಮೆ 15-20 ಗಂಟೆಗಳ ಕಾಲ ಕಾದು, ಛಾಯಾಫಲಕಗಳಲ್ಲಿ ಹಿಡಿದರು. ಐದು ಪ್ರಬಂಧಗಳು ಪ್ರಕಟವಾದವು. ಆದರೂ ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಮದರಾಸು ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಡಲಿಲ್ಲ.

ಅವರು ಮರುಗುತ್ತ ಕುಳಿತವರಲ್ಲ. ಇಂಗ್ಲೆಂಡಿನಲ್ಲಿ ಹವಾಮಾಪಕ ಯಂತ್ರಗಳ ವಿದ್ಯೆಯನ್ನು ಕಲಿತು, 1948ರಲ್ಲಿ ಹಿಂದಿರುಗಿ, ಪುಣೆಯ ಹವಾಮಾನ ಇಲಾಖೆಯನ್ನು ಸೇರಿದರು. ಸೂರ್ಯನ ವಿಕಿರಣವನ್ನು ಅಳೆಯುವ ಕೇಂದ್ರಗಳನ್ನು ದೇಶದಲ್ಲಿ ಏರ್ಪಡಿಸಿದರು. ಕಿರಣಗಳ ಶಕ್ತಿಯನ್ನು ಹಿಡಿದಿಟ್ಟು ಬಳಿಕ ಬೆಳಗುವ ಹರಳುಗಳಿಂದ ಇಂದು ಆಸ್ಪತ್ರೆಗಳಲ್ಲಿ ಎಕ್ಸ್‌ಕಿರಣದ ಪ್ರಮಾಣವನ್ನೂ ಅಳೆಯುವರು. ಹರಳಿನ ಬೆಳಕು ಬರಿಯ ಅಲಂಕಾರವಲ್ಲವೆಂಬುದು ಇದರಿಂದ ನಮಗೆ ವೇದ್ಯವಾಗುತ್ತದೆ.

2001ರಲ್ಲಿ ಅವರು ತಿರುವನಂತಪುರದಲ್ಲಿ ದಿವಂಗತರಾದರು. ಪದವಿ ದೊರೆಯದ ಆ ಮಹಾಪ್ರಬಂಧವು ಬೆಂಗಳೂರಿನ ರಾಮನ್ ಸಂಶೋಧನಾಲಯದ ಪುಸ್ತಕಭಂಡಾರದಲ್ಲಿ, ಪದವಿ ಪಡೆದವುಗಳ ಸಾಲಿನಲ್ಲಿಯೇ ಇದೆ. ತಾಯಿತಂದೆಗಳೇ, ನಿಮ್ಮ ಕುವರಿಯು ಓಲೆಗೆ ಬದಲಾಗಿ ಪುಸ್ತಕವನ್ನು ಬೇಡಿದರೆ ಇಲ್ಲವೆನ್ನದಿರಿ.