ಕಿವಿಗೊಟ್ಟು ಕೇಳಿದ ವೈದ್ಯ

ಕೈಗೆ ಗುಂಡು ತಗುಲಿದರೆ ರಕ್ತ ಸುರಿಯುತ್ತದೆ. ವೈದ್ಯರು ಔಷಧಿ ಹಚ್ಚಿ ಪಟ್ಟಿ ಕಟ್ಟುತ್ತಾರೆ, ಗಾಯ ಮಾಯುತ್ತದೆ. ಆದರೆ ಮನಸ್ಸಿಗೆ ಆದ ಗಾಯ ಯಾರ ಕಣ್ಣಿಗೂ ಕಾಣುವುದಿಲ್ಲ. ಮೈಮೇಲೆ ಒಂದು ಗೀರೂ ಇಲ್ಲದೆ ರಣರಂಗದಿಂದ ಮರಳಿದ ಸೈನಿಕನು ನಡುರಾತ್ರಿ ಚೀರಿ ಎದ್ದು ಕುಳಿತರೆ ಅವನನ್ನು ಹೇಡಿ ಎನ್ನುವಿರಾ, ರೋಗಿ ಎನ್ನುವಿರಾ? ನೂರು ವರ್ಷಗಳಿಗೂ ಹಿಂದೆ ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಡಾ. ರಿವರ್ಸ್ ಪ್ರಮುಖರು. ನಮ್ಮ ನೀಲಗಿರಿಗೂ ಬಂದುಹೋದ ಈ ವೈದ್ಯರ ಬಾಳನ್ನು ನೀವು ತಿಳಿಯಬೇಕು.

ವಿಲಿಯಂ ರಿವರ್ಸ್ 1864ರ ಮಾರ್ಚ್ 12ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿಗಳು. ತೊದಲುವವರ ಮಾತನ್ನು ತಿದ್ದುವುದರಲ್ಲಿಯೂ ಅವರು ಪರಿಣತರು. ಆದರೆ ಅವರ ಮಗನಿಗೇ ತೊದಲು ಇತ್ತು. ಅದು ಕಡೆಯವರೆಗೂ ಪೂರ್ತಿ ಹೋಗಲಿಲ್ಲ. ಮಾತು ಹೊರಡದೆ ಒದ್ದಾಡುವುದೆಂದರೇನು ಎಂಬುದನ್ನು ರಿವರ್ಸ್ ಬಾಲ್ಯದಲ್ಲೇ ಅನುಭವಿಸಿದ್ದರು. ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಕಲಿತು 1886ರಲ್ಲಿ ಪದವಿ ಪಡೆದರು. ಕೆಲಕಾಲ ಹಡಗಿನ ವೈದ್ಯರಾಗಿದ್ದು, ಮುಂದೆ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು.

ಮನುಷ್ಯರನ್ನು ಅರಿಯುವ ಆಸೆ ಅವರನ್ನು ದೂರದೂರಕ್ಕೆ ಕರೆದೊಯ್ದಿತು. 1901ರಲ್ಲಿ ಅವರು ನೀಲಗಿರಿಗೆ ಬಂದರು. ಬಡಗರ ನೆರೆಯವರಾದ, ಎಮ್ಮೆ ಸಾಕಿ ಬಾಳುವ ತೋಡರ ಕೇರಿಗಳಿಗೆ ಹೋಗಿ, ದುಭಾಷಿಗಳ ನೆರವಿನಿಂದ ಅವರ ವಂಶಾವಳಿಗಳನ್ನೂ ಆಚರಣೆಗಳನ್ನೂ ತಿಂಗಳುಗಟ್ಟಲೆ ಕೇಳಿ ಬರೆದುಕೊಂಡರು. ತೋಡರನ್ನು ಕುರಿತ ಅವರ ದೊಡ್ಡ ಗ್ರಂಥವು 1906ರಲ್ಲಿ ಪ್ರಕಟವಾಯಿತು. ಎದುರಿಗಿದ್ದವರ ಮಾತನ್ನು ಆತುರವಿಲ್ಲದೆ ಕೇಳುವ ಈ ಅಭ್ಯಾಸವೇ ಮುಂದೆ ಅವರಿಗೆ ದೊಡ್ಡ ನೆರವಾಯಿತು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಸೈನಿಕರು ಕೆಸರು ತುಂಬಿದ ಕಂದಕಗಳಲ್ಲಿ ಹಗಲಿರುಳು ಫಿರಂಗಿಯ ಹೊಡೆತಕ್ಕೆ ಎದೆಯೊಡ್ಡಿ ಕುಳಿತಿರಬೇಕಾಗಿತ್ತು. ಕಣ್ಣೆದುರೇ ಗೆಳೆಯರು ಛಿದ್ರವಾಗುತ್ತಿದ್ದರು. ಕೆಲವರಿಗೆ ಮಾತು ನಿಂತುಹೋಯಿತು. ಕೆಲವರ ಕೈಕಾಲು ನಡುಗತೊಡಗಿದವು. ಕೆಲವರಿಗೆ ಕಣ್ಣು ಮುಚ್ಚಲೂ ಹೆದರಿಕೆ. ಬ್ರಿಟನ್ನಿನ ಸೈನ್ಯವೊಂದರಲ್ಲೇ ಇಂಥವರು ಸುಮಾರು 80,000 ಮಂದಿ ಇದ್ದರೆಂದು ಲೆಕ್ಕ. ಸಿಡಿಗುಂಡಿನ ಆಘಾತವೆಂದು ಇದನ್ನು ಕರೆದರು. ಅನೇಕ ಅಧಿಕಾರಿಗಳು ಇದು ಬರೀ ಹೇಡಿತನವೆಂದರು. ಕೆಲವು ಆಸ್ಪತ್ರೆಗಳಲ್ಲಿ ರೋಗಿಗಳಿಗೆ ವಿದ್ಯುತ್ತಿನ ಆಘಾತ ಕೊಟ್ಟು ಮಾತನಾಡಿಸಲು ನೋಡಿದರು.

1916ರಲ್ಲಿ ರಿವರ್ಸ್ ಸ್ಕಾಟ್ಲೆಂಡಿನ ಎಡಿನ್‌ಬರೊ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಬಂದರು. ಅಲ್ಲಿದ್ದವರು ಸೈನ್ಯದ ತರುಣ ಅಧಿಕಾರಿಗಳು. ಕಂಡದ್ದನ್ನೆಲ್ಲ ಮರೆತುಬಿಡು ಎಂದೇ ಎಲ್ಲರೂ ಅವರಿಗೆ ಬುದ್ಧಿ ಹೇಳಿದ್ದರು. ಅವರೂ ಮರೆಯಲು ಹೆಣಗುತ್ತಿದ್ದರು. ಹಗಲೆಲ್ಲ ಅದುಮಿಟ್ಟ ನೆನಪು ರಾತ್ರಿ ಕೆಟ್ಟ ಕನಸಾಗಿ ಮೇಲೇಳುತ್ತಿತ್ತು. ರಿವರ್ಸ್ ಅವರನ್ನು ಎದುರಿಗೆ ಕೂರಿಸಿಕೊಂಡು ನಡೆದುದನ್ನೆಲ್ಲ ಹೇಳಿಸಿದರು. ಗದರಿಸದೆ, ನಾಚಿಸದೆ ಕೇಳಿದರು.

ಒಬ್ಬ ಅಧಿಕಾರಿ ಗೆಳೆಯನನ್ನು ಹುಡುಕಿಕೊಂಡು ಹೋಗಿ ಅವನ ಛಿದ್ರವಾದ ದೇಹವನ್ನು ಕಂಡಿದ್ದನು. ಆ ನೋಟ ಪ್ರತಿರಾತ್ರಿ ಅವನನ್ನು ಕಾಡುತ್ತಿತ್ತು. ದೇಹ ಹಾಗೆ ಛಿದ್ರವಾಗಿದ್ದರೆ ಸಾವು ಕ್ಷಣದಲ್ಲೇ ಬಂದಿರಬೇಕು, ಗೆಳೆಯನು ನರಳಿರಲಾರನು ಎಂದು ರಿವರ್ಸ್ ತಿಳಿಹೇಳಿದರು. ಆ ಬಳಿಕ ಕನಸಿನಲ್ಲಿ ಭಯ ಹೋಗಿ ದುಃಖ ಮಾತ್ರ ಉಳಿಯಿತು. ದುಃಖವನ್ನು ಮನುಷ್ಯ ಸಹಿಸಬಲ್ಲ.

ಆದರೆ ರಿವರ್ಸ್ ಸೈನ್ಯದ ವೈದ್ಯರು. ಗುಣವಾದವರನ್ನು ಮತ್ತೆ ರಣರಂಗಕ್ಕೆ ಕಳುಹಿಸುವುದು ಅವರ ಕರ್ತವ್ಯ. 1917ರಲ್ಲಿ ಕವಿ ಸಿಗ್‌ಫ್ರೀಡ್ ಸಸೂನ್ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದುದಕ್ಕಾಗಿ ಅವರ ಬಳಿಗೆ ಕಳುಹಿಸಲ್ಪಟ್ಟರು. ಈತನಿಗೆ ಹುಚ್ಚಿಲ್ಲವೆಂದು ರಿವರ್ಸ್‌ಗೆ ಗೊತ್ತಿತ್ತು. ಆದರೂ ಸಸೂನ್ ಯುದ್ಧಕ್ಕೆ ಮರಳಿದರು. ವಾಸಿ ಮಾಡಿದವನನ್ನು ಸಾವಿನ ಬಾಯಿಗೆ ಕಳುಹಿಸುವ ವೈದ್ಯನ ಸಂಕಟ ಎಂಥದೆಂದು ಯೋಚಿಸಿ ನೋಡಿ.

ಅದೇ ವರ್ಷದ ಡಿಸೆಂಬರಿನಲ್ಲಿ ಯುದ್ಧದ ನೆನಪನ್ನು ಅದುಮಿಡುವುದರ ಕೇಡನ್ನು ಕುರಿತು ಅವರು ವೈದ್ಯರ ಸಭೆಯಲ್ಲಿ ಉಪನ್ಯಾಸ ನೀಡಿದರು. 1918ರಲ್ಲಿ ಯುದ್ಧ ಮುಗಿಯಿತು, ಮನೆಗಳಲ್ಲಿ ಮುಗಿಯಲಿಲ್ಲ. ಬಾಗಿಲು ಬಡಿದರೆ ಬೆಚ್ಚುವ ಗಂಡ, ಕಾರಣವಿಲ್ಲದೆ ಸಿಡುಕುವ ತಂದೆ, ಸದ್ದಾಗದಂತೆ ನಡೆಯಲು ಕಲಿತ ಮಕ್ಕಳು, ರಾತ್ರಿಯೆಲ್ಲ ಎಚ್ಚರವಿದ್ದು ಕಾಯುವ ತಾಯಂದಿರು: ಹೀಗೆ ಒಬ್ಬನ ಗಾಯ ಇಡೀ ಸಂಸಾರದ ಗಾಯವಾಯಿತು.

ರಿವರ್ಸ್ 1922ರ ಜೂನ್ 4ರಂದು ತಮ್ಮ 58ನೆಯ ವಯಸ್ಸಿನಲ್ಲಿ ನಿಧನರಾದರು. 1980ರಲ್ಲಿ ಅಮೆರಿಕದ ಮನೋವೈದ್ಯರು ಇಂತಹ ಬಾಧೆಯನ್ನು ಆಘಾತದ ನಂತರದ ಒತ್ತಡದ ಕಾಯಿಲೆಯೆಂದು ಅಧಿಕೃತವಾಗಿ ಪಟ್ಟಿಗೆ ಸೇರಿಸಿದರು. ಯುದ್ಧಕಾಲದಲ್ಲಿ ಹೇಡಿತನ, ಪಲಾಯನ ಮೊದಲಾದ ಆರೋಪಗಳ ಮೇಲೆ ಗುಂಡಿಕ್ಕಿ ಕೊಲ್ಲಲಾದ 306 ಸೈನಿಕರಿಗೆ ಬ್ರಿಟನ್ 2006ರಲ್ಲಿ ಕ್ಷಮೆ ನೀಡಿತು. ಅವರಲ್ಲಿ ಎಷ್ಟೋ ಜನ ಮನಸ್ಸು ನೊಂದವರೇ ಆಗಿದ್ದಿರಬೇಕು. ಕ್ಷಮೆ ಬರುವಾಗ ಸುಮಾರು ತೊಂಬತ್ತು ವರ್ಷ ತಡವಾಗಿತ್ತು.

ನೀಲಗಿರಿಯ ವೆಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವಿದೆ. ನಿಮ್ಮ ಊರಿನಲ್ಲಿಯೂ ಸೈನ್ಯದಿಂದ ಮರಳಿದ ಅಜ್ಜನೋ ಮಾವನೋ ಇರಬಹುದು. ಅವರ ಪದಕಗಳನ್ನು ನೋಡಿ ಹೆಮ್ಮೆಪಡಿ. ಅವರು ಮೌನವಾಗಿ ಕುಳಿತಾಗ ಗೇಲಿ ಮಾಡಬೇಡಿ, ಹೇಳೆಂದು ಪೀಡಿಸಲೂ ಬೇಡಿ. ಅವರಾಗಿಯೇ ಮಾತು ತೆಗೆದ ದಿನ ಪಕ್ಕದಲ್ಲಿ ಕುಳಿತು ಪೂರ್ತಿ ಕೇಳಿರಿ.