ವೋಲ್ಟಾ ತಿದ್ದಿದ ನನ್ನ ಪಾಠ

ಬೋಧನಾಭ್ಯಾಸದ ಮೂರನೇ ದಿನ ವಿದ್ಯುತ್ ಕೋಶದ ಪಾಠ. ಮೇಜಿನ ಮೇಲೆ ಟಾರ್ಚಿನ ದಪ್ಪ ಡಿ ಸೆಲ್ಲು, ಗೋಡೆ ಗಡಿಯಾರದ ಎಎ, ರಿಮೋಟಿನ ಎಎಎ ಇಟ್ಟಿದ್ದೆ. ದಪ್ಪ ಸೆಲ್ಲಿಗೆ ವೋಲ್ಟೇಜ್ ಜಾಸ್ತಿಯೇ ಎಂದು ಹುಡುಗಿಯೊಬ್ಬಳು ಕೇಳಿದಳು. ಹೌದು ಎಂದುಬಿಟ್ಟೆ. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕರು ಆಮೇಲೆ ಸೆಲ್ಲುಗಳ ಮೇಲಿನ ಬರಹ ಓದಲು ಹೇಳಿದರು. ಮೂರರಲ್ಲೂ 1.5 ವೋಲ್ಟ್ ಎಂದಿತ್ತು! ಮರುದಿನ ತರಗತಿಯಲ್ಲಿ ನನ್ನ ಉತ್ತರ ತಪ್ಪೆಂದು ಒಪ್ಪಿಕೊಂಡು, ಅಲೆಸ್ಸಾಂಡ್ರೊ ವೋಲ್ಟಾ ಅವರ ಜೀವನದಿಂದ ಪಾಠ ಆರಂಭಿಸಿದೆ.

ವೋಲ್ಟಾ 1745ರಲ್ಲಿ ಇಟಲಿಯ ಕೋಮೊದಲ್ಲಿ ಹುಟ್ಟಿದರು. ಅವರೂ ಮೇಷ್ಟ್ರೇ. ಮೊದಲು ತಮ್ಮೂರಿನ ಶಾಲೆಯಲ್ಲಿ, 1779ರಿಂದ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿದರು. ಎರಡು ಲೋಹಗಳು ತಾಗಿದಾಗ ಸತ್ತ ಕಪ್ಪೆಯ ಕಾಲು ಅದುರುವುದನ್ನು ಬೊಲೊನ್ಯಾದ ಗಾಲ್ವಾನಿ ಕಂಡು, ವಿದ್ಯುತ್ತು ಪ್ರಾಣಿಯೊಳಗಿದೆ ಎಂದು ತಿಳಿದಿದ್ದರು. ವೋಲ್ಟಾ ಮೊದಲು ಅದನ್ನು ಒಪ್ಪಿದರು. ತಾವೇ ಪ್ರಯೋಗ ಮಾಡಿದ ಮೇಲೆ, ವಿದ್ಯುತ್ತಿನ ಮೂಲ ಆ ಎರಡು ಬೇರೆ ಬೇರೆ ಲೋಹಗಳು ಎಂಬ ನಿಲುವಿಗೆ ಬಂದರು. ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳನ್ನು ಜೋಡಿಸಿ, ಜೋಡಿಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು ಇಟ್ಟು ಪೇರಿಸಿದರು. ಜೋಡಿಗಳು ಹೆಚ್ಚಿದಷ್ಟೂ ವಿದ್ಯುತ್ತಿನ ಒತ್ತಡ ಹೆಚ್ಚಿತು. 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ಇದನ್ನು ತಿಳಿಸಿದರು. ಮರುವರ್ಷ ಪ್ಯಾರಿಸಿನಲ್ಲಿ ನೆಪೋಲಿಯನ್ ಎದುರು ಪ್ರದರ್ಶಿಸಿದರು. 1827ರಲ್ಲಿ ಕೋಮೊದಲ್ಲೇ ತೀರಿಕೊಂಡರು. 1881ರಲ್ಲಿ ವಿದ್ಯುತ್ ಒತ್ತಡದ ಮಾನಕ್ಕೆ ಅವರ ಹೆಸರಿನಿಂದ ವೋಲ್ಟ್ ಎಂದು ಹೆಸರಾಯಿತು.

ವೋಲ್ಟಾ ಅವರ ವಿವರಣೆಯೂ ಪೂರ್ತಿ ಸರಿಯಿರಲಿಲ್ಲ. ಲೋಹಗಳು ತಾಗಿದರೆ ಸಾಕು ಎಂದು ಅವರು ನಂಬಿದ್ದರು. ಪೇರಿಕೆಯಲ್ಲಿ ವಿದ್ಯುತ್ತು ಹರಿಯುವುದು ರಾಸಾಯನಿಕ ಕ್ರಿಯೆಯಿಂದ ಎಂಬುದು ಆಮೇಲೆ ಸ್ಪಷ್ಟವಾಯಿತು. ಇದನ್ನು ಹೇಳುವಾಗ ನನ್ನ ಸಂಕೋಚವೂ ಕಡಿಮೆಯಾಯಿತು.

ನಂತರ ಮಕ್ಕಳೇ ಮಲ್ಟಿಮೀಟರಿನಲ್ಲಿ ಅಳೆದರು. ಮೂರು ಹೊಸ ಸೆಲ್ಲುಗಳೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ತೋರಿಸಿದವು. ಒಳಗಿನ ವಸ್ತುಗಳು ಒಂದೇ ಬಗೆಯವಾದರೆ ವೋಲ್ಟೇಜೂ ಒಂದೇ. ಗಾತ್ರ ದೊಡ್ಡದಾದರೆ ವಸ್ತು ಹೆಚ್ಚು, ಬಾಳಿಕೆ ಹೆಚ್ಚು. ಹೆಚ್ಚು ಕರೆಂಟ್ ಎಳೆಯುವ ದೊಡ್ಡ ಟಾರ್ಚಿಗೆ ಡಿ ಬೇಕು. ಗುಂಡಿ ಒತ್ತಿದಾಗಷ್ಟೇ ಕೆಲಸ ಮಾಡುವ ರಿಮೋಟಿಗೆ ಎಎಎ ಸಾಕು.

ಹಾಗಾದರೆ ಚೌಕದ ಪುಟ್ಟ ಬ್ಯಾಟರಿಗೆ 9 ವೋಲ್ಟ್ ಹೇಗೆ ಎಂದು ಅದೇ ಹುಡುಗಿ ಕೇಳಿದಳು. ಈ ಸಲ ನಾನು ಉತ್ತರಿಸಲಿಲ್ಲ. ಕಪ್ಪುಹಲಗೆಯ ಮೇಲಿದ್ದ ವೋಲ್ಟಾ ಅವರ ಪೇರಿಕೆಯ ಚಿತ್ರ ತೋರಿಸಿದೆ. ಅವಳು 9ನ್ನು 1.5ರಿಂದ ಭಾಗಿಸಿ, ಒಳಗೆ ಆರು ಸೆಲ್ಲುಗಳಿವೆ ಎಂದಳು.