ವಿಷ ತಿನ್ನುವ ಬ್ಯಾಕ್ಟೀರಿಯಾ, ಕಂದು ಕೆಸರು ಮತ್ತು ಬೆಂಗಳೂರಿಗೆ ಬಂದ ಗಿಲ್ಬರ್ಟ್ ಫೌಲರ್

ಎಸ್‌ಟಿಪಿಯಲ್ಲಿ ಕೊಳಚೆ ನೀರನ್ನು ಶುದ್ಧ ಮಾಡುವುದು ಯಾವುದೋ ಕೆಮಿಕಲ್ ಎಂದು ತುಂಬ ಜನ ನಂಬಿದ್ದಾರೆ. ಕ್ಲೋರಿನ್‌ನಂಥದ್ದು ಬರುವುದು ಕೊನೆಯಲ್ಲಿ. ಅದಕ್ಕೂ ಮೊದಲು ಕೊಳೆಯನ್ನು ತಿಂದು ಮುಗಿಸುವುದು ಬ್ಯಾಕ್ಟೀರಿಯಾ. ಈ ವಿಧಾನ ಹುಟ್ಟಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ಅದರ ಹಿಂದಿದ್ದ ಗಿಲ್ಬರ್ಟ್ ಜಾನ್ ಫೌಲರ್ ಮುಂದೆ ನಮ್ಮ ಬೆಂಗಳೂರಿಗೇ ಬಂದರು. ಕೊಳಚೆ ನೀರಿನ ವಿಜ್ಞಾನ ಓದಿದವರಿಗೆಲ್ಲ ಗೊತ್ತಿರುವ ಹೆಸರು ಇದು. ಉಳಿದವರಿಗೂ ಗೊತ್ತಿರಬೇಕು ಎಂದು ನಮಗೆ ಅನ್ನಿಸುತ್ತದೆ.

ಫೌಲರ್ ಹುಟ್ಟಿದ್ದು 1868ರಲ್ಲಿ. ಓದಿದ್ದು ರಸಾಯನಶಾಸ್ತ್ರ, ಕೆಲಸ ಮ್ಯಾಂಚೆಸ್ಟರ್ ನಗರಪಾಲಿಕೆಯ ಕೊಳಚೆ ನೀರಿನ ವಿಭಾಗದಲ್ಲಿ. ಹತ್ತಿ ಗಿರಣಿ, ಬಣ್ಣದ ಕಾರ್ಖಾನೆ, ಕಲ್ಲಿದ್ದಲಿನಿಂದ ಗ್ಯಾಸ್ ತೆಗೆಯುವ ಘಟಕಗಳು ಕಿಕ್ಕಿರಿದಿದ್ದ ಊರದು. ಗ್ಯಾಸ್ ಘಟಕಗಳ ತ್ಯಾಜ್ಯ ನೀರಿನಲ್ಲಿ ಫೀನಾಲ್ ಇರುತ್ತಿತ್ತು. ಗಾಯಕ್ಕೆ ಸೋಂಕು ತಗಲದಂತೆ ಆಗಿನ ಸರ್ಜನ್‌ಗಳು ಬಳಸುತ್ತಿದ್ದ ಕಾರ್ಬಾಲಿಕ್ ಆಸಿಡ್ ಎಂದರೆ ಇದೇ. ನಾವು ನೆಲ ಒರೆಸುವ ಕಪ್ಪು ಫಿನಾಯಿಲ್‌ನಲ್ಲಿ ಇರುವುದೂ ಇದರ ಬಳಗದ ರಾಸಾಯನಿಕಗಳೇ.

ಅಂದರೆ ಕ್ರಿಮಿ ಕೊಲ್ಲುವ ವಸ್ತು. ಇದನ್ನು ಕ್ರಿಮಿಗಳೇ ತಿನ್ನಬಹುದೇ?

ತಿನ್ನುತ್ತವೆ. 1910ರ ಸುಮಾರಿಗೆ ಫೌಲರ್ ಮತ್ತು ಅವರ ಸಹೋದ್ಯೋಗಿಗಳಾದ ಎಡ್ವರ್ಡ್ ಆರ್ಡರ್ನ್, ವಿಲಿಯಂ ಲಾಕೆಟ್ ಸೇರಿ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸಿದರು. ಅವುಗಳಲ್ಲಿ ಕೆಲವು ಫೀನಾಲನ್ನು ಆಕ್ಸಿಜನ್ ಜೊತೆ ಸೇರಿಸಿ ಒಡೆಯುತ್ತವೆ ಎಂದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಪ್ರಮಾಣ ಮುಖ್ಯ. ತೆಳುವಾಗಿ ಬಂದ ಫೀನಾಲ್ ಈ ಬ್ಯಾಕ್ಟೀರಿಯಾಗಳಿಗೆ ಊಟ, ಒಮ್ಮೆಲೇ ದಂಡಿಯಾಗಿ ಸುರಿದರೆ ಅವುಗಳಿಗೂ ವಿಷ. ಸೆಪ್ಟಿಕ್ ಟ್ಯಾಂಕ್ ಕ್ಲೀನ್ ಆಗಲಿ ಎಂದು ಕ್ಯಾನ್‌ಗಟ್ಟಲೆ ಆಸಿಡ್, ಫಿನಾಯಿಲ್ ಸುರಿಯುವವರು ಇದನ್ನು ಗಮನಿಸಬೇಕು: ಅಲ್ಲಿ ಸಾಯುವುದು ಕೆಲಸ ಮಾಡುತ್ತಿರುವ ಬ್ಯಾಕ್ಟೀರಿಯಾ.

1912ರಲ್ಲಿ ಫೌಲರ್ ಅಮೆರಿಕಕ್ಕೆ ಹೋದರು. ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಕೊಳಚೆ ನೀರಿಗೆ ಗಾಳಿ ಊದಿ ನೋಡುತ್ತಿದ್ದರು. ಊರಿಗೆ ಮರಳಿದ ಫೌಲರ್, ಇಂಥದ್ದನ್ನು ನೀವೂ ಮಾಡಿ ನೋಡಿ ಎಂದು ಆರ್ಡರ್ನ್ ಮತ್ತು ಲಾಕೆಟ್‌ಗೆ ಸೂಚಿಸಿದರು. ಇಬ್ಬರೂ ಡೇವಿಹ್ಯೂಮ್ ಎಂಬಲ್ಲಿದ್ದ ಪಾಲಿಕೆಯ ಘಟಕದಲ್ಲಿ, ಬೆಳಕು ತಾಗದಂತೆ ಮುಚ್ಚಿದ ಬಾಟಲಿಗಳಲ್ಲಿ ಪ್ರಯೋಗ ಶುರು ಮಾಡಿದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು ಹಿಡಿದದ್ದು ಸುಮಾರು 5 ವಾರ. ಅಷ್ಟು ದಿನ ಹಿಡಿದರೆ ಯಾವ ಊರಿಗೂ ಉಪಯೋಗವಿಲ್ಲ.

ಮುಂದಿನ ಹೆಜ್ಜೆ ನೋಡಲು ತೀರಾ ಸಣ್ಣದು. ಮೇಲಿನ ತಿಳಿನೀರನ್ನು ಬಸಿದರು, ತಳದ ಕೆಸರನ್ನು ಮಾತ್ರ ಚೆಲ್ಲಲಿಲ್ಲ. ಅದೇ ಕೆಸರಿನ ಮೇಲೆ ಹೊಸ ಕೊಳಚೆ ನೀರು ಹಾಕಿ ಮತ್ತೆ ಗಾಳಿ ಊದಿದರು. ಪ್ರತಿ ಸುತ್ತಿಗೂ ಸಮಯ ಇಳಿಯುತ್ತ ಹೋಗಿ, ಕಡೆಗೆ 24 ಗಂಟೆಯೊಳಗೇ ಕೆಲಸ ಮುಗಿಯತೊಡಗಿತು. ಅಲ್ಲಿಯವರೆಗೆ ಎಲ್ಲರೂ ಪೀಡೆ ಎಂದು ಎಸೆಯುತ್ತಿದ್ದ ಕೆಸರಿನಲ್ಲೇ ಬ್ಯಾಕ್ಟೀರಿಯಾಗಳ ಸೈನ್ಯವಿತ್ತು. ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಇದೂ ಹೆಚ್ಚುಕಡಿಮೆ ಹಾಗೆಯೇ. 1914ರ ಏಪ್ರಿಲ್ 3ರಂದು ಈ ಫಲಿತಾಂಶ ಮಂಡನೆಯಾಯಿತು. ವಿಧಾನಕ್ಕೆ ಆಕ್ಟಿವೇಟೆಡ್ ಸ್ಲಡ್ಜ್ ಎಂದು ಹೆಸರಾಯಿತು.

ಆ ಪ್ರಬಂಧದ ಲೇಖಕರು ಆರ್ಡರ್ನ್ ಮತ್ತು ಲಾಕೆಟ್ ಮಾತ್ರ. ಫೌಲರ್ ಸ್ವತಃ ಆಗ ಕಲ್ಲಿದ್ದಲು ಗಣಿಯ ನೀರಿನಲ್ಲಿ ಸಿಕ್ಕ, ಕಬ್ಬಿಣವನ್ನು ಬೇರ್ಪಡಿಸುವ ಇನ್ನೊಂದು ಬ್ಯಾಕ್ಟೀರಿಯಾದ ಹಿಂದೆ ಬಿದ್ದಿದ್ದರು. ಆ ದಾರಿ ಜಗತ್ತಿನಲ್ಲಿ ಹರಡಲಿಲ್ಲ, ಕಿರಿಯರ ದಾರಿ ಹರಡಿತು. ಹಾಗಾಗಿ ಫೌಲರ್ ಒಬ್ಬರೇ ಇದನ್ನು ಕಂಡುಹಿಡಿದರು ಎಂದು ಬರೆದಿದ್ದರೆ ನಂಬಬೇಡಿ. ದಿಕ್ಕು ತೋರಿದವರು ಅವರು, ಬಾಟಲಿ ಕಾಯ್ದವರು ಬೇರೆಯವರು.

1916ರಲ್ಲಿ ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಹಳೆಯ ಬೆಂಗಳೂರಿಗರ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಪ್ರೊಫೆಸರ್ ಆಗಿ ಬಂದರು. 1921ರಲ್ಲಿ ಅಲ್ಲಿ ಬಯೋಕೆಮಿಸ್ಟ್ರಿ ವಿಭಾಗ ಶುರುವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ಇಲ್ಲೂ ಕೆಸರಿನ ಪ್ರಯೋಗ ನಡೆಯಿತು. ಇಲ್ಲಿ ಅವರ ಕಣ್ಣು ಹೊಲದ ಮೇಲೂ ಇತ್ತು: ಕೊಳಚೆಯಲ್ಲಿರುವ ಸಾರಜನಕ ಹೊಳೆಗೆ ಹೋಗುವ ಬದಲು ಬೆಳೆಗೆ ಸಿಗಬೇಕು. 1934ರಲ್ಲಿ ಇದೇ ವಿಷಯದ ಮೇಲೆ ಪುಸ್ತಕ ತಂದರು. 1953ರಲ್ಲಿ ತೀರಿಕೊಂಡರು.

ಈ ಬ್ಯಾಕ್ಟೀರಿಯಾಗಳಿಂದ ಆಗದ ಕೆಲಸವೂ ಇದೆ. ಸೀಸ, ಕ್ರೋಮಿಯಂನಂಥ ಲೋಹಗಳನ್ನು ಯಾವ ಜೀವಿಯೂ ಒಡೆದು ಇಲ್ಲವಾಗಿಸಲಾರದು. ಅವು ಹೆಚ್ಚಿನಂಶ ಕೆಸರಿನಲ್ಲಿ ಸೇರಿಕೊಳ್ಳುತ್ತವೆ. ಒಂದು ಪುಡಿ ಎರಚಿದರೆ ಎಂಥ ಕೆರೆಯೂ ಶುದ್ಧ ಎಂಬ ಫಾರ್ವರ್ಡ್ ಬಂದರೆ, ನೀರಿಗೆ ಗಾಳಿ ಎಲ್ಲಿಂದ ಬರುತ್ತದೆ, ಕೊಳಚೆ ಬಂದು ಸೇರುವುದು ನಿಂತಿದೆಯೇ ಎಂದು ಮೊದಲು ಕೇಳಿ. ಕರೆಂಟ್ ಬಿಲ್ ಉಳಿಸಲು ಎಸ್‌ಟಿಪಿಯ ಬ್ಲೋವರ್ ಅನ್ನು ರಾತ್ರಿಯೆಲ್ಲ ಆಫ್ ಮಾಡಿದರೆ ಬೆಳಗ್ಗೆ ನಾರುವುದೂ ಇದಕ್ಕೇ: ಗಾಳಿ ಬೇಕಾದ ಬ್ಯಾಕ್ಟೀರಿಯಾ ಉಸಿರುಕಟ್ಟಿ ಸೋತಿರುತ್ತವೆ.

ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಇಂಥ ಎಸ್‌ಟಿಪಿ ಇದ್ದರೆ ಒಮ್ಮೆ ಆಪರೇಟರ್ ಹತ್ತಿರ ಹೋಗಿ. ಗಾಳಿ ಊದುವ ತೊಟ್ಟಿಯ ನೀರನ್ನು 1 ಲೀಟರ್ ಗಾಜಿನ ಜಾರಿನಲ್ಲಿ ತುಂಬಿ 30 ನಿಮಿಷ ಅಲುಗಾಡಿಸದೆ ಇಡಲು ಹೇಳಿ. ಕಂದು ಕೆಸರು ತಳಕ್ಕಿಳಿದು ಮೇಲೆ ನೀರು ತಿಳಿಯಾದರೆ ಬ್ಯಾಕ್ಟೀರಿಯಾ ಚೆನ್ನಾಗಿವೆ.